ತಾಲೀಮಿನ ಮಣ್ಣು ಬಿಡದೆ ಹೆಣ್ಣಾಗಿ ಬದುಕಬಹುದಾ?

ಪ್ರಶ್ನೆ: ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು 22. ಊರವರ ಕಣ್ಣಿಗೆ ಹುಡುಗ. ಅಪ್ಪ ಹಳೇ ಪೈಲ್ವಾನ್. ಸಣ್ಣವಳಿದ್ದಾಗ ಜಾತ್ರೆಯ ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿದೆ, ಈಗ ಎರಡು ಬೆಳ್ಳಿ ಕಡಗ ಗೆದ್ದಿದ್ದೇನೆ. ಜಿಲ್ಲಾ ಮಟ್ಟದಲ್ಲಿ ಮ್ಯಾಟ್ ಮೇಲೂ ಆಡಿದ್ದೇನೆ. ಆದರೆ ತಿಳಿವಳಿಕೆ ಬಂದಾಗಿನಿಂದ ನನ್ನ ಮನಸ್ಸು ಹೆಣ್ಣಿನದು. ಲಂಗೋಟಿ ಕಟ್ಟುವಾಗ ಈ ಮೈ ನನ್ನದಲ್ಲ ಅನಿಸುತ್ತದೆ. ಎದುರಿನವನ ಕೈ ಹಿಡಿದ ಮೇಲೆ ಮಾತ್ರ ಎಲ್ಲ ಮರೆತುಹೋಗುತ್ತದೆ. ಗೊತ್ತಿರುವುದು ಅವ್ವನಿಗೆ ಮತ್ತು ಒಬ್ಬ ಗೆಳೆಯನಿಗೆ. ಅವ್ವ 'ಇದು ಎಲ್ಲಮ್ಮನ ಕಾಟ, ಮುತ್ತು ಕಟ್ಟಿಸಿ ದೇವಿಗೆ ಬಿಡೋಣ' ಅಂತಾಳೆ. ಗೆಳೆಯ 'ಬ್ರಹ್ಮಚರ್ಯ ಜಾಸ್ತಿ ಆಗಿ ಹಿಂಗಾಗಿದೆ, ಮದುವೆ ಆದರೆ ಸರಿಹೋಗ್ತದೆ' ಅಂತಾನೆ. ಅಪ್ಪ ಏನೂ ಗೊತ್ತಿಲ್ಲದೆ ಸೋದರಮಾವನ ಮಗಳನ್ನು ತರುವ ಮಾತು ನಡೆಸಿದ್ದಾನೆ. ನಾಲ್ಕು ತಿಂಗಳಿಂದ ಮೆಡಿಕಲ್‌ನಿಂದ ಗರ್ಭನಿರೋಧಕ ಗುಳಿಗೆ ತಂದು ಕದ್ದು ನುಂಗುತ್ತಿದ್ದೇನೆ. ಹಾರ್ಮೋನ್ ತಗೊಂಡರೆ ಕುಸ್ತಿ ಬಿಡಬೇಕಾ? ಹೆಂಗಸರ ಕುಸ್ತಿಗೆ ಸೇರಿಸಿಕೊಳ್ತಾರಾ? ಶಾಂತಿ ಅನ್ನೋ ಓಟಗಾರ್ತಿಯ ಪದಕ ಕಿತ್ತುಕೊಂಡರಂತೆ, ನನ್ನ ಕಡಗ ವಾಪಸ್ ಕೇಳ್ತಾರಾ? ಪೊಲೀಸ್ ಕೆಲಸದ ಆಸೆ ಇದೆ, ಅದೂ ಹೋಯಿತಾ? ಒಮ್ಮೊಮ್ಮೆ ಯಾಕೆ ಬದುಕಬೇಕು ಅನಿಸುತ್ತದೆ. ಹೆಸರು ಹಾಕಬೇಡಿ. — ನಿಮ್ಮ ತಂಗಿ

ಉತ್ತರ: ತಂಗಿ, ನೀವು ಕೇಳಿದ ಕ್ರಮದಲ್ಲಿ ನಾನು ಉತ್ತರ ಕೊಡುವುದಿಲ್ಲ. ಮೊದಲು ಆ ಗುಳಿಗೆ ನಿಲ್ಲಿಸಿ. ಇವತ್ತೇ ನಿಲ್ಲಿಸಬಹುದು. ಒಮ್ಮೆಲೇ ಬಿಟ್ಟರೆ ಏನೂ ಕೆಡುವುದಿಲ್ಲ.

ಕಾರಣ ಇದು. ಮೆಡಿಕಲ್‌ನಲ್ಲಿ ಸಿಗುವ ಗರ್ಭನಿರೋಧಕ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಡಯಾಲ್ ಎಂಬ ಕೃತಕ ಹೆಣ್ಣು ಹಾರ್ಮೋನ್. ಅದು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಅದಕ್ಕೇ ಲಿಂಗ ಪರಿವರ್ತನೆಯ ಚಿಕಿತ್ಸೆಯಲ್ಲಿ ಈಗ ನಾವು ಅದನ್ನು ಕೊಡುವುದೇ ಇಲ್ಲ. ಇನ್ನು ನೀವು ಮ್ಯಾಟ್ ಕುಸ್ತಿ ಆಡುವವರು. ತೂಕ ಕೊಡುವ ಹಿಂದಿನ ದಿನ ನೀರು ಬಿಟ್ಟು, ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಓಡಿ, ಎರಡು ಮೂರು ಕಿಲೋ ಇಳಿಸುವುದು ಪೈಲ್ವಾನರಲ್ಲಿ ಮಾಮೂಲು. ನಮ್ಮ ಕಲಬುರಗಿಯ ಬಿಸಿಲಲ್ಲಿ ಅದನ್ನು ಮಾಡಿದರೆ ರಕ್ತ ಇನ್ನೂ ಗಟ್ಟಿಯಾಗುತ್ತದೆ. ಆ ಗುಳಿಗೆಯ ಜೊತೆ ಈ ನಿರ್ಜಲೀಕರಣ ಸೇರಿದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಬಹುದು. ಅಲ್ಲಿಂದ ಶ್ವಾಸಕೋಶಕ್ಕೂ ಹೋಗಬಹುದು. ಒಂದೇ ಕಾಲು ಊದಿಕೊಂಡು ನೋಯುವುದು, ಎದೆ ನೋವು, ಏದುಸಿರು, ಮೈಯ ಒಂದು ಕಡೆ ಶಕ್ತಿ ಇಲ್ಲದಂತಾಗುವುದು, ಇವುಗಳಲ್ಲಿ ಏನೇ ಕಂಡರೂ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಅಲ್ಲಿ ಗುಳಿಗೆಯ ವಿಷಯ ಮುಚ್ಚಿಡಬೇಡಿ. ಇಷ್ಟು ಅಪಾಯ ತಂದರೂ ಆ ಗುಳಿಗೆ ನಿಮಗೆ ಬೇಕಾದ ಕೆಲಸ ಸರಿಯಾಗಿ ಮಾಡುವುದಿಲ್ಲ.

ಎರಡನೆಯದು ನಿಮ್ಮ ಪತ್ರದ ಕೊನೆಗೆ ಬರೆದ 'ಯಾಕೆ ಬದುಕಬೇಕು' ಅನ್ನುವ ಸಾಲು. ಮನೋವೈದ್ಯನಾಗಿ ನಾನು ಅದನ್ನು ಸುಮ್ನೆ ದಾಟಿ ಹೋಗಲಾರೆ. ಬದುಕು ಬೇಡ ಅನ್ನುವ ಯೋಚನೆ ಬಂದುಹೋಗುವುದು ಬೇರೆ, ಹೇಗೆ ಎಂದು ಲೆಕ್ಕ ಹಾಕುವುದು ಬೇರೆ. ಎರಡನೆಯದಕ್ಕೆ ಬಂದಿದ್ದರೆ ಇಂದು ರಾತ್ರಿ ಒಬ್ಬರೇ ಇರಬೇಡಿ. ಅವ್ವನ ಹತ್ತಿರ ಮಲಗಿ, ಅವಳಿಗೆ ಹೇಳಿ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಹತ್ತುವುದಿಲ್ಲ. ಇಂಥ ಯೋಚನೆಯ ಬೇರು ಸಾಮಾನ್ಯವಾಗಿ ಗುಟ್ಟಿನಲ್ಲಿರುತ್ತದೆ. ಹೆಣ್ಣಾಗಿರುವುದಕ್ಕಿಂತ ಅದನ್ನು ದಿನವೂ ಬಚ್ಚಿಡುವುದೇ ಜನರನ್ನು ಹೆಚ್ಚು ಹಣ್ಣು ಮಾಡುವುದನ್ನು ನಾನು ಕಂಡಿದ್ದೇನೆ.

ಈಗ ನಿಮ್ಮ ಚಿಂತೆಗೆ ಬರೋಣ. ನೀವು ಮೂರು ಪ್ರಶ್ನೆಗಳನ್ನು ಒಂದೇ ಗಂಟು ಹಾಕಿಕೊಂಡಿದ್ದೀರಿ. ನಾನು ಯಾರು ಅನ್ನುವುದು ಒಂದು. ಈ ಮೈಯನ್ನು ಏನು ಮಾಡಲಿ ಅನ್ನುವುದು ಇನ್ನೊಂದು. ಯಾವ ಕಣದಲ್ಲಿ ಆಡಲಿ ಅನ್ನುವುದು ಮತ್ತೊಂದು. ಒಂದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಉಳಿದೆರಡು ತಾನಾಗಿ ತೀರ್ಮಾನ ಆಗುವುದಿಲ್ಲ. ಮೂರನ್ನೂ ಒಂದೇ ವರ್ಷದಲ್ಲಿ ಮುಗಿಸಬೇಕು ಅಂತಲೂ ಇಲ್ಲ.

ನೀವು ಯಾರು ಅನ್ನುವುದಕ್ಕೆ ಉತ್ತರ ನಿಮ್ಮ ಹತ್ತಿರ ಆಗಲೇ ಇದೆ. ಅದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗ ವರ್ಗೀಕರಣ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿದ್ದಾರೆ. ಬ್ರಹ್ಮಚರ್ಯ ಜಾಸ್ತಿ ಆದರೆ ಗಂಡಸು ಹೆಣ್ಣಾಗುತ್ತಾನೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಹಾಗಿದ್ದಿದ್ದರೆ ಬ್ರಹ್ಮಚರ್ಯ ಪಾಲಿಸುವ ಕೊಲ್ಲಾಪುರ, ಸೊಲ್ಲಾಪುರದ ಅಷ್ಟೂ ತಾಲೀಮುಗಳ (ಗರಡಿಮನೆಗಳ) ಕಥೆ ಏನಾಗಬೇಕಿತ್ತು? ಲಂಗೋಟಿ ನೇಮ ತಪ್ಪಿದರೆ, ಅಂದರೆ ಬ್ರಹ್ಮಚರ್ಯ ಮುರಿದರೆ, ಹೀಗಾಗುತ್ತದೆ ಅನ್ನುವವರೂ ಇದ್ದಾರೆ. ಒಂದೇ ವಿಷಯಕ್ಕೆ ಎರಡು ತದ್ವಿರುದ್ಧ ಕಾರಣ ಕೇಳಿಬಂದರೆ ಎರಡನ್ನೂ ನಂಬದಿರುವುದೇ ವಾಸಿ. ಮದುವೆಯಾದರೆ ಸರಿಹೋಗುತ್ತದೆ ಅನ್ನುವ ಮಾತಂತೂ ನನಗೆ ಸಿಟ್ಟು ಬರಿಸುತ್ತದೆ. ಹಾಗೆ ಮದುವೆ ಮಾಡಿಸಿ, ಎರಡು ವರ್ಷದ ನಂತರ ಗಂಡ ಹೆಂಡತಿ ಇಬ್ಬರನ್ನೂ ನನ್ನ ಹತ್ತಿರ ಕರೆತಂದ ಮನೆಗಳಿವೆ. ಆಗ ಅಳುವವರು ಇಬ್ಬರಾಗಿರುತ್ತಾರೆ. ಸೋದರಮಾವನ ಮಗಳಿಗೂ ಒಂದು ಬದುಕಿದೆ, ಅಲ್ವಾ? ಈ ಒಂದು ವಿಷಯದಲ್ಲಿ ಕಾಯಬೇಡಿ. ಕಾರಣ ಹೇಳಲು ಧೈರ್ಯ ಬರದಿದ್ದರೆ ಈಗ ಮದುವೆ ಬೇಡ ಎಂದಷ್ಟೇ ಹೇಳಿ, ಆದರೆ ಗಟ್ಟಿಯಾಗಿ ಹೇಳಿ.

ಇನ್ನೊಂದು ಎಚ್ಚರಿಕೆ. ಮನೆಯವರು ಯಾರಾದರೂ ವೈದ್ಯರ ಹತ್ತಿರ ಕರೆದೊಯ್ದು ಗಂಡು ಹಾರ್ಮೋನ್ ಇಂಜೆಕ್ಷನ್ ಕೊಡಿಸಲು ನೋಡಬಹುದು. ಒಪ್ಪಬೇಡಿ. ನಿಮ್ಮಂಥವರ ರಕ್ತ ಪರೀಕ್ಷೆ ಮಾಡಿದರೆ ಟೆಸ್ಟೋಸ್ಟೆರಾನ್ ಎಂಬ ಆ ಗಂಡು ಹಾರ್ಮೋನ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಕೊರತೆಯೇ ಇಲ್ಲದ ಕಡೆ ತುಂಬುವುದೇನು? ಅದರಿಂದ ಮನಸ್ಸು ಬದಲಾಗುವುದಿಲ್ಲ, ಸಂಕಟ ಜಾಸ್ತಿಯಾಗುತ್ತದೆ. ಮೇಲಾಗಿ ಕ್ರೀಡೆಯಲ್ಲಿ ಅದು ನಿಷೇಧಿತ ಮದ್ದು. ಇಂಥವರನ್ನು 'ಸರಿ ಮಾಡುತ್ತೇನೆ' ಎಂದು ಚಿಕಿತ್ಸೆ ಕೊಡುವುದು ವೈದ್ಯರಿಗೆ ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಅವ್ವ ಹೇಳಿದ ಮುತ್ತಿನ ವಿಷಯಕ್ಕೆ ನಾನು ನಗುವುದಿಲ್ಲ. ನಮ್ಮ ಕಡೆ ಎಷ್ಟೋ ತಾಯಂದಿರಿಗೆ ಇಂಥ ಮಗುವನ್ನು ಮನೆಯಿಂದ ಹೊರಹಾಕದೆ ಒಪ್ಪಿಕೊಳ್ಳಲು ಗೊತ್ತಿರುವ ದಾರಿ ಅದೊಂದೇ. ಆ ದಾರಿಯಲ್ಲಿ ನಡೆದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ಆದರೆ ಅದು ಭಕ್ತಿಯಿಂದ ತಾನಾಗಿ ಆರಿಸಿಕೊಳ್ಳುವ ಬದುಕು. ನಿಮ್ಮ ಮನಸ್ಸು ಅಲ್ಲಿಲ್ಲ, ಮಣ್ಣಿನಲ್ಲಿದೆ. 'ಇದು ಕಾಟ ಅಲ್ಲವ್ವಾ, ನಾನು ಹುಟ್ಟಿದ್ದೇ ಹಿಂಗ' ಎಂದು ಅವಳಿಗೆ ಹೇಳಿ. ಒಂದು ಸಲಕ್ಕೆ ಒಪ್ಪದಿದ್ದರೆ ನನ್ನಂಥವರ ಹತ್ತಿರ ಅವಳನ್ನೂ ಕರೆತನ್ನಿ. ಗೊತ್ತಾದ ಮೇಲೂ ನಿಮ್ಮ ಜೊತೆ ನಿಂತಿರುವ ತಾಯಿ ಅವಳು.

ಕುಸ್ತಿ ಮತ್ತು ಹೆಣ್ತನ ಹೇಗೆ ಕೂಡುತ್ತವೆ ಎಂದು ನಿಮಗೇ ಒಂದು ಅನುಮಾನ ಇದ್ದಂತಿದೆ. ಹೆಣ್ಣುಮನಸ್ಸಿನ ಕೆಲವರು ಅದನ್ನು ಅದುಮಿಡಲೆಂದೇ ತೀರಾ ಗಂಡಸರದ್ದು ಅನ್ನಿಸುವ ಕೆಲಸಕ್ಕೆ ಇಳಿಯುತ್ತಾರೆ. ಸೇನೆ, ಜಿಮ್, ಕುಸ್ತಿ. ಅವರಿಗೆ ಗುಟ್ಟು ಹೊರಬಂದ ದಿನ ಆ ಕೆಲಸದ ಮೇಲಿನ ಆಸಕ್ತಿಯೂ ಹೋಗುತ್ತದೆ. ನಿಮ್ಮದು ಹಾಗೆ ಕಾಣುವುದಿಲ್ಲ. ಎದುರಿನವನ ಕೈ ಹಿಡಿದರೆ ಎಲ್ಲ ಮರೆಯುತ್ತದೆ ಎಂದು ಬರೆದಿದ್ದೀರಿ. ಅದು ಆಟದ ಪ್ರೀತಿ. ಪಟ್ಟು ಹಾಕುವುದು ಗಂಡಸಿನ ಗುಣವೇನಲ್ಲ. 2004ರಿಂದ ಹೆಣ್ಣುಮಕ್ಕಳ ಕುಸ್ತಿ ಒಲಿಂಪಿಕ್ಸ್‌ನಲ್ಲಿದೆ, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು.

ಮೈಯ ಪ್ರಶ್ನೆ ಸ್ವಲ್ಪ ಉದ್ದದ್ದು. ಹೆಣ್ಣು ಹಾರ್ಮೋನ್ ಚಿಕಿತ್ಸೆಯಲ್ಲಿ ಎರಡು ಕೆಲಸ ನಡೆಯುತ್ತವೆ. ಎಸ್ಟ್ರಡಯಾಲ್ (ಗರ್ಭನಿರೋಧಕ ಗುಳಿಗೆಯ ಎಥಿನೈಲ್ ಎಸ್ಟ್ರಡಯಾಲ್ ಅಲ್ಲ) ಕೊಡುತ್ತಾರೆ, ಜೊತೆಗೆ ಟೆಸ್ಟೋಸ್ಟೆರಾನ್ ತಗ್ಗಿಸುತ್ತಾರೆ. ವಯಸ್ಕ ಗಂಡಸರ ರಕ್ತದಲ್ಲಿ ಒಂದು ಡೆಸಿಲೀಟರ್‌ಗೆ ಸುಮಾರು 300ರಿಂದ 1000 ನ್ಯಾನೊಗ್ರಾಂ ಟೆಸ್ಟೋಸ್ಟೆರಾನ್ ಇರುತ್ತದೆ. ಚಿಕಿತ್ಸೆಯಲ್ಲಿ ಅದನ್ನು 50ಕ್ಕಿಂತ ಕೆಳಗೆ ತರುತ್ತಾರೆ. ಮೊದಲು ಬದಲಾಗುವುದು ರಕ್ತ. ಮೂರು ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ ಹೆಣ್ಣುಮಕ್ಕಳ ಮಟ್ಟಕ್ಕೆ ಇಳಿಯುತ್ತದೆ, ಅದೇ ತಾಲೀಮು ಮಾಡಿದರೂ ಬೇಗ ದಮ್ಮು ಹತ್ತುತ್ತದೆ. ಚರ್ಮ ಮೆತ್ತಗಾಗುತ್ತದೆ, ಎದೆ ಬೆಳೆಯಲು ಶುರುವಾಗುತ್ತದೆ. ಎದೆ ಒಮ್ಮೆ ಬೆಳೆದರೆ ಔಷಧಿ ಬಿಟ್ಟರೂ ಹಿಂದಕ್ಕೆ ಹೋಗುವುದಿಲ್ಲ. ದನಿ ಬದಲಾಗುವುದಿಲ್ಲ, ಗಡ್ಡವೂ ಪೂರ್ತಿ ಹೋಗುವುದಿಲ್ಲ. ಸ್ನಾಯು 'ಕರಗಿ ಹೋಗುತ್ತದೆ' ಅನ್ನುವುದು ಮಾತ್ರ ಉತ್ಪ್ರೇಕ್ಷೆ. ಒಂದು ವರ್ಷದ ನಂತರ ಸ್ನಾಯು ಶೇಕಡಾ 5ರ ಆಸುಪಾಸು ಕಡಿಮೆಯಾಗಿದ್ದನ್ನು ಅಧ್ಯಯನಗಳು ಕಂಡಿವೆ. ಎತ್ತರ, ಭುಜದ ಅಗಲ, ಕೈಕಾಲಿನ ಎಲುಬು ಹಾಗೇ ಇರುತ್ತವೆ. ಅಂದರೆ ಕುಸ್ತಿ ಬಿಡುವಷ್ಟು ಮೈ ಸೋಲುವುದಿಲ್ಲ. ಆದರೆ ಗಂಡಸರ ಜೊತೆ ಮೊದಲಿನಷ್ಟು ಸಲೀಸಾಗಿ ಗೆಲ್ಲಲಾರಿರಿ.

ಪೈಲ್ವಾನರಿಗೆ ಇದರಲ್ಲಿ ಒಂದು ತೊಡಕು ಇದೆ. ಟೆಸ್ಟೋಸ್ಟೆರಾನ್ ತಗ್ಗಿಸಲು ನಮ್ಮಲ್ಲಿ ಹೆಚ್ಚಾಗಿ ಬರೆಯುವ ಗುಳಿಗೆ ಸ್ಪೈರೊನೊಲ್ಯಾಕ್ಟೋನ್. ಅದು ಮೂತ್ರ ಹೆಚ್ಚಿಸುವ ಔಷಧಿ. ಹಾಗಾಗಿ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ) ನಿಷೇಧಿತ ಪಟ್ಟಿಯಲ್ಲಿದೆ. ಫೆಡರೇಶನ್ನಿನ ಕುಸ್ತಿಗೆ ಹೋಗುವವರು ಚಿಕಿತ್ಸೆಯ ಕಾರಣಕ್ಕೆ ವಿನಾಯಿತಿ ಬೇಕೆಂದು ನಾಡಾಕ್ಕೆ (ಅಂಥದ್ದೇ ರಾಷ್ಟ್ರೀಯ ಸಂಸ್ಥೆಗೆ) ಮೊದಲೇ ಅರ್ಜಿ ಹಾಕಬೇಕು. ಇಲ್ಲವಾದರೆ ಡೋಪಿಂಗ್ ಎಂದು ಸಿಕ್ಕಿಬೀಳುತ್ತಾರೆ. ಎಸ್ಟ್ರಡಯಾಲ್ ಆ ಪಟ್ಟಿಯಲ್ಲಿಲ್ಲ. ಸ್ಪೈರೊನೊಲ್ಯಾಕ್ಟೋನ್ ರಕ್ತದಲ್ಲಿ ಪೊಟ್ಯಾಶಿಯಂ ಏರಿಸುತ್ತದೆ, ಬಿಪಿ ಇಳಿಸುತ್ತದೆ. ಅದರ ಮೇಲೆ ನೀರು ಬಿಟ್ಟು ತೂಕ ಇಳಿಸಿ, ಆಮೇಲೆ ಸುಧಾರಿಸಿಕೊಳ್ಳಲೆಂದು ಎಳನೀರು, ಬಾಳೆಹಣ್ಣು, ಖರ್ಜೂರ ಒಟ್ಟಿಗೆ ಹೊಡೆದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಖುರಾಕಿನ (ಪೈಲ್ವಾನರ ಆಹಾರದ) ಬಗ್ಗೆ ಹೀಗೆ ಹೇಳಿದರೆ ಕುಸ್ತಿ ಕಲಿಸುವ ವಸ್ತಾದರಿಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಆದರೂ ನಿಮ್ಮ ಹಾರ್ಮೋನ್ ವೈದ್ಯರಿಗೆ 'ನಾನು ತೂಕ ಇಳಿಸುವ ಪೈಲ್ವಾನ್' ಎಂದು ಮೊದಲ ದಿನವೇ ಹೇಳಬೇಕು. ಅವರು ಬೇರೆ ಔಷಧಿ ಆರಿಸಬಹುದು.

ಚಿಕಿತ್ಸೆ ಶುರುವಾದರೆ ವೀರ್ಯಾಣು ಕಡಿಮೆಯಾಗುತ್ತದೆ, ಕೆಲವರಲ್ಲಿ ಮತ್ತೆ ಬರುವುದೇ ಇಲ್ಲ. ಮುಂದೆ ಸ್ವಂತ ಮಗು ಬೇಕು ಅನಿಸುವ ಸಾಧ್ಯತೆ ಒಂದಿಷ್ಟಾದರೂ ಇದ್ದರೆ ಮೊದಲೇ ಶೇಖರಿಸಿಡಬೇಕು. ಹೈದರಾಬಾದ್, ಬೆಂಗಳೂರಿನಲ್ಲಿ ಆ ಸೌಲಭ್ಯ ಇದೆ. ಇನ್ನು ಯಾರೋ ಕರೆದರೆಂದು ಡಾಕ್ಟರಲ್ಲದವರ ಕೈಯಲ್ಲಿ ಜನನಾಂಗ ಕತ್ತರಿಸಿಕೊಳ್ಳುವ ಕೆಲಸಕ್ಕೆ ಮಾತ್ರ ಹೋಗಬೇಡಿ. ರಕ್ತಸ್ರಾವ, ಸೋಂಕು, ಮೂತ್ರದ ದಾರಿ ಮುಚ್ಚಿಹೋಗುವುದು, ಇವೆಲ್ಲ ಆಗುತ್ತವೆ. ಹಾಗೆ ಮಾಡಿಸಿಕೊಂಡು ಹಾರ್ಮೋನ್ ಇಲ್ಲದೆ ವರ್ಷಗಟ್ಟಲೆ ಉಳಿದವರ ಎಲುಬು ಟೊಳ್ಳಾಗುತ್ತದೆ. ಪೈಲ್ವಾನರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ?

ಕಣದ ಪ್ರಶ್ನೆಗೆ ನನ್ನ ಉತ್ತರ ನಿಮಗೆ ರುಚಿಸದಿರಬಹುದು. ಹೆಂಗಸರ ವಿಭಾಗದಲ್ಲಿ ಆಡುವುದನ್ನೇ ನಂಬಿಕೊಂಡು ಬದುಕಿನ ಲೆಕ್ಕ ಹಾಕಬೇಡಿ. ಜಗತ್ತು ಈಗ ಆ ಬಾಗಿಲು ಮುಚ್ಚುವ ಕಡೆ ಹೋಗುತ್ತಿದೆ. ಒಲಿಂಪಿಕ್ ಸಮಿತಿ 2015ರಲ್ಲಿ ಟೆಸ್ಟೋಸ್ಟೆರಾನ್ ಇಂತಿಷ್ಟು ತಗ್ಗಿದ್ದರೆ ಸಾಕು ಅಂದಿತ್ತು. 2021ರಲ್ಲಿ ತೀರ್ಮಾನವನ್ನು ಆಯಾ ಆಟದ ಸಂಸ್ಥೆಗಳಿಗೇ ಬಿಟ್ಟಿತು. 2022ರಲ್ಲಿ ಈಜಿನವರು, 2023ರಲ್ಲಿ ಅಥ್ಲೆಟಿಕ್ಸ್, ಸೈಕ್ಲಿಂಗ್ ಮತ್ತು ಕ್ರಿಕೆಟ್‌ನವರು ಗಂಡಾಗಿ ಪ್ರೌಢರಾದವರಿಗೆ ಅಂತಾರಾಷ್ಟ್ರೀಯ ಮಹಿಳಾ ವಿಭಾಗ ಮುಚ್ಚಿದರು. ಕುಸ್ತಿಯದ್ದನ್ನು ಯಾರದೋ ಬಾಯಿಮಾತಿನ ಮೇಲೆ ನಂಬದೆ, ಆ ವರ್ಷದ ನಿಯಮವನ್ನು ಸಂಸ್ಥೆಯಿಂದ ಬರಹದಲ್ಲೇ ಪಡೆಯಿರಿ. ನನ್ನ ಸ್ವಂತ ಅಭಿಪ್ರಾಯವನ್ನೂ ಮುಚ್ಚಿಡುವುದಿಲ್ಲ. ಹದಿಮೂರರಿಂದ ಇಪ್ಪತ್ತರವರೆಗೆ ಟೆಸ್ಟೋಸ್ಟೆರಾನ್ ಕಟ್ಟಿದ ಎಲುಬು, ಹಿಡಿತ ಒಂದೆರಡು ವರ್ಷದ ಚಿಕಿತ್ಸೆಯಿಂದ ಹೋಗುವುದಿಲ್ಲ. ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಆಟದಲ್ಲಿ ಎದುರಿನ ಹುಡುಗಿಯ ಹೆದರಿಕೆಯನ್ನು ದ್ವೇಷ ಎಂದು ತಳ್ಳಿಹಾಕಲಾರೆ. ಇದು ನ್ಯಾಯವಲ್ಲ ಅನ್ನುವ ಟ್ರಾನ್ಸ್ ಕ್ರೀಡಾಪಟುಗಳ ನೋವೂ ಸುಳ್ಳಲ್ಲ. ಅದು ನೀವೊಬ್ಬರೇ ಹೊತ್ತು ಬಗೆಹರಿಸುವ ಜಗಳವಂತೂ ಅಲ್ಲ.

ಹಾಗಾದರೆ ಗಂಡಸರ ವಿಭಾಗದಲ್ಲಿ ಆಡಿದರೆ ನೀವು ಗಂಡಸು ಎಂದು ಒಪ್ಪಿಕೊಂಡಂತಾ? ಖಂಡಿತ ಅಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫಿಲಿಪೀನ್ಸ್‌ನ ಹರ್ಗಿ ಬಕ್ಯಾಡನ್ ಎಂಬ ಬಾಕ್ಸರ್ ಆಡಿದರು. ಅವರು ತಾನು ಗಂಡು ಎಂದು ಎಲ್ಲರಿಗೂ ಹೇಳಿಕೊಂಡವರು. ಹಾರ್ಮೋನ್ ತೆಗೆದುಕೊಂಡಿರಲಿಲ್ಲ, ಆಡಿದ್ದು ಹೆಂಗಸರ 75 ಕಿಲೋ ವಿಭಾಗದಲ್ಲಿ. ನಿಮ್ಮದು ಅದರ ತಿರುಗುಮುರುಗು, ಅಷ್ಟೇ. ಕೆಲವರು ಹೀಗೆ ಹಾರ್ಮೋನನ್ನು ಮುಂದೂಡಿ, ಆಡುವಷ್ಟು ವರ್ಷ ಆಡಿ, ಆಮೇಲೆ ಶುರು ಮಾಡುತ್ತಾರೆ. ಮ್ಯಾಟ್ ಹೊರಗೆ ಹೆಣ್ಣಿನ ಹೆಸರು, ಹೆಣ್ಣಿನ ಬಟ್ಟೆ. ಕಾಗದದ ಮಟ್ಟಿಗೆ ಇದು ಸುಲಭದ ದಾರಿ. ಆದರೆ ಮೈ ಕಂಡರೇ ಆಗದ ಸಂಕಟ ನಿಮಗೆ ತೀವ್ರವಾಗಿದ್ದರೆ ಆ ಕಾಯುವಿಕೆ ದುಬಾರಿಯಾಗುತ್ತದೆ. ಲಂಗೋಟಿ ಕಟ್ಟುವಾಗಿನ ನಿಮ್ಮ ಮಾತು ಓದಿ ನನಗೆ ಆ ಚಿಂತೆ ಇದೆ. ಇನ್ನು ಕೆಲವರು ಚಿಕಿತ್ಸೆ ಶುರು ಮಾಡಿ, ಸೋಲು ಹೆಚ್ಚಾದರೂ ಪರವಾಗಿಲ್ಲ ಎಂದು ಗಂಡಸರ ಕಣದಲ್ಲೇ ಉಳಿಯುತ್ತಾರೆ. ಅಲ್ಲಿ ಗಾಯದ ಅಪಾಯ ಹೆಚ್ಚು. ಎದೆ ಬೆಳೆದ ಮೇಲೆ ಲಂಗೋಟಿಯಲ್ಲಿ ನೂರಾರು ಜನರ ಮುಂದೆ ಇಳಿಯುವ ಪ್ರಶ್ನೆಯೂ ಬರುತ್ತದೆ. ಜಾತ್ರೆಯ ಕುಸ್ತಿಗೆ ಫೆಡರೇಶನ್ನಿನ ನಿಯಮ ಇಲ್ಲ. ಮೈಕಟ್ಟು ನೋಡಿ ಪಂಚರೇ ಜೋಡಿ ಹಚ್ಚುತ್ತಾರೆ. ಒಳ್ಳೆಯ ಪಂಚರಿದ್ದರೆ ದಾರಿ ಇದೆ, ಕುಡಿದು ಕೂಗುವವರಿದ್ದರೆ ಇಲ್ಲ. ಹೆಣ್ಣುಮಕ್ಕಳಿಗೆ ಪಟ್ಟು ಕಲಿಸುವುದು, ರೆಫರಿ ತರಬೇತಿ ಪಡೆಯುವುದು, ಇವೂ ಕುಸ್ತಿಯೊಳಗೇ ಉಳಿಯುವ ದಾರಿಗಳು. ಆದರೆ 22ಕ್ಕೇ ಅದನ್ನು ಆರಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಬೆಳ್ಳಿ ಕಡಗ ಯಾರೂ ವಾಪಸ್ ಕೇಳುವುದಿಲ್ಲ. ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಹೆಂಗಸರ 800 ಮೀಟರ್ ಓಡಿ ಬೆಳ್ಳಿ ಗೆದ್ದಿದ್ದರು, ಲಿಂಗ ಪರೀಕ್ಷೆಯ ನಂತರ ಪದಕ ಕಿತ್ತುಕೊಂಡರು. ಅವರು ಹೆಣ್ಣಾಗಿಯೇ ಬೆಳೆದವರು. ಟ್ರಾನ್ಸ್‌ಜೆಂಡರ್ ವಿಷಯವೇ ಅಲ್ಲ ಅದು. ಅವರಿಗೆ ಆದದ್ದು ದೊಡ್ಡ ಅನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ನೀವು ಗಂಡಸರ ಕಣದಲ್ಲಿ ಗಂಡಸರನ್ನು ಸೋಲಿಸಿ ಗೆದ್ದಿದ್ದೀರಿ. ಅದರಲ್ಲಿ ತಕರಾರಿಗೆ ಜಾಗವೇ ಇಲ್ಲ.

ಪೊಲೀಸ್ ಕೆಲಸದ ಆಸೆ ಬಿಡಬೇಡಿ. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಅದಕ್ಕೆ ಗುರುತಿನ ಪ್ರಮಾಣಪತ್ರ ಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ನಿಮ್ಮಂಥವರ ಗುರುತನ್ನು ಹಕ್ಕು ಎಂದಿತು, ಆಮೇಲೆ ಬಂದ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಈ ಪತ್ರ ಕೊಡುತ್ತಾರೆ. ಇದರ ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವಾರದಲ್ಲೇ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಅಲ್ಲಿ ಉಚಿತ. ಆ ಪತ್ರದಿಂದ ಹೆಂಗಸರ ಕುಸ್ತಿಗೆ ಪ್ರವೇಶ ಸಿಗುವುದಿಲ್ಲ. ಅದು ಬೇರೆ, ಇದು ಬೇರೆ. ಹೆಸರು ಬದಲಿಸಿದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರ, ಕುಸ್ತಿಯ ಸರ್ಟಿಫಿಕೇಟುಗಳು ಎಲ್ಲ ಒಂದಕ್ಕೊಂದು ಹೊಂದಬೇಕು. ಹಳೇ ಹೆಸರಿನವರೂ ನೀವೇ ಎಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ನೇಮಕಾತಿಯಲ್ಲಿ ಹುಡುಗರು ಎಡವುವುದು ಓಟದಲ್ಲಲ್ಲ, ಇಂಥ ಕಾಗದದಲ್ಲಿ.

ಅಪ್ಪನಿಗೆ ಯಾವಾಗ ಹೇಳಬೇಕು? ಜಾತ್ರೆಯ ಹಿಂದೆಮುಂದೆ ಬೇಡ, ಸೋತ ದಿನ ಬೇಡ, ಮದುವೆ ಮಾತಿನ ನಡುವೆ ನೆಂಟರ ಮುಂದಂತೂ ಬೇಡವೇ ಬೇಡ. ಹೇಳುವ ಮೊದಲು ನಿಮ್ಮ ಮೂಲ ಕಾಗದಪತ್ರ, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಕೈಯಲ್ಲಿರಲಿ. ನಾಲ್ಕು ದಿನ ಉಳಿಯಲು ಒಂದು ಮನೆ ಗೊತ್ತಿರಲಿ. ಬಹಳ ಅಪ್ಪಂದಿರು ಮೊದಲ ವಾರ ಕೂಗಾಡುತ್ತಾರೆ, ಕೆಲವರು ಕೈ ಎತ್ತುತ್ತಾರೆ. ಕೈ ಎತ್ತಿದರೆ 112. ವಸ್ತಾದರಿಗೆ ಹೇಳುವುದು ಅದಾದ ಮೇಲಿನ ಮಾತು. ಹಾರ್ಮೋನ್ ಶುರು ಮಾಡುವುದಾದರೆ ಮಾತ್ರ ಅವರಿಗೆ ಹೇಳಲೇಬೇಕು. ಇಳಿದ ಶಕ್ತಿಗೆ ತಕ್ಕಂತೆ ಜೋಡಿ, ಸಾಮು ಎರಡನ್ನೂ ಬದಲಿಸುವವರು ಅವರೇ ಅಲ್ವಾ?

ಮೊದಲ ಹೆಜ್ಜೆಗೆ ಬೆಂಗಳೂರು ಬೇಡ. ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಮನೋವೈದ್ಯ ವಿಭಾಗದ ಹೊರರೋಗಿ ಚೀಟಿ ಸಾಕು. ಬರುವಾಗ ನುಂಗಿದ ಗುಳಿಗೆಯ ಪಟ್ಟಿ ತನ್ನಿ, ಹೆಸರು ನೋಡಬೇಕು. ರಕ್ತ, ಲಿವರ್, ಕಿಡ್ನಿ, ಪೊಟ್ಯಾಶಿಯಂ ಮತ್ತು ಹಾರ್ಮೋನ್ ಪರೀಕ್ಷೆ ಬರೆಯುತ್ತಾರೆ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ, ಸಣ್ಣ ವಯಸ್ಸಿನಲ್ಲಿ ಲಕ್ವ ಹೊಡೆದಿತ್ತಾ ಎಂದು ಅವ್ವನನ್ನು ಕೇಳಿಕೊಂಡು ಬನ್ನಿ. ಬೀಡಿ, ಗುಟ್ಕಾ ಇದ್ದರೆ ಅದನ್ನೂ ಹೇಳಿ. ಮುಂದೆ ಶಸ್ತ್ರಚಿಕಿತ್ಸೆಯ ಮಾತು ಬಂದರೆ, ಪ್ರಮಾಣಪತ್ರ ಇರುವವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ಅಡಿ ನೆರವು ಎಂದು ಕೇಂದ್ರ 2022ರಲ್ಲಿ ಘೋಷಿಸಿದೆ. ಆಸ್ಪತ್ರೆಗೆ ಸೇರುವ ಮೊದಲು, ಅಲ್ಲಿ ಅದು ನಡೆಯುತ್ತದೆಯೇ ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ. ವೈದ್ಯರು ನಿಮ್ಮನ್ನು ಏನೆಂದು ಕರೆಯಬೇಕು ಅನ್ನುವುದನ್ನೂ ಮೊದಲ ಭೇಟಿಯಲ್ಲೇ ಹೇಳಿ. ಅವರು ಅದಕ್ಕೆ ಮುಖ ಸಿಂಡರಿಸಿದರೆ ಆ ವಿಭಾಗದ ಇನ್ನೊಬ್ಬರನ್ನು ಕೇಳಿ, ಸಂಕೋಚ ಬೇಡ.